ರಂಗೂಬಾಯಿಯ ಅಕ್ಕಿ, ಕೃಷ್ಣಾಜಿರಾಯರ ಹಳ್ಳು

ಸದಾಶಿವ ಪೇಠೆಯ ಆ ಹತ್ತಾರು ಸಂಸಾರಗಳ ವಾಡೆಯಲ್ಲಿ ರಂಗೂಬಾಯಿಗೆ ಇದ್ದ ಮಾನ ಪುಣೆಯ ಮುನಸಿಪಾಲಿಟಿಯ ಅಧ್ಯಕ್ಷರಿಗೂ ಇರಲಿಲ್ಲ. ಅಧ್ಯಕ್ಷರನ್ನು ಬೇರೆಯವರು ಕೂಡಿ ಆರಿಸಬೇಕಾಗಿತ್ತು. ರಂಗೂಬಾಯಿ ಯಾರ ಹಂಗೂ ಇಲ್ಲದೆ ತಾನೇ ಕೂತು ಆರಿಸುವವಳು. ಅವಳು ಆರಿಸುತ್ತಿದ್ದದ್ದು ಅಕ್ಕಿಯೊಳಗಿನ ಹಳ್ಳು.

ಹಳ್ಳೆಂದರೆ ಅಕ್ಕಿಯ ಬಣ್ಣವನ್ನೇ ಹೊದ್ದು, ಅಕ್ಕಿಯ ನಡುವೆ ಸಂಭಾವಿತನಂತೆ ಕೂತು, ಯಾರದಾದರೂ ದವಡೆ ಹಲ್ಲಿಗಾಗಿ ಕಾಯುವ ಪುಟ್ಟ ಕಲ್ಲು. ಕರಿ ಹಳ್ಳು ಪ್ರಾಮಾಣಿಕ, ತಾನಾಗಿ ಕಣ್ಣಿಗೆ ಬೀಳುತ್ತದೆ. ಬಿಳಿ ಹಳ್ಳು ಲಫಂಗ ಎಂಬುದು ರಂಗೂಬಾಯಿಯ ಸಿದ್ಧಾಂತ. ಧಾರವಾಡದಿಂದ ಮದುವೆಯಾಗಿ ಬಂದಾಗ ಅವಳು ತವರಿನಿಂದ ತಂದ ಬೆಳ್ಳಿ ಬಂಗಾರ ಅಷ್ಟಕ್ಕಷ್ಟೇ. ಈ ಕಣ್ಣನ್ನು ಮಾತ್ರ ತಂದಿದ್ದಳು. ಮುಂದೆ ಮರ, ಅಂದರೆ ಅಕ್ಕಿ ಕೇರುವ ಮೊರ, ಇಟ್ಟುಕೊಂಡು ಕೂತರೆ ಬಾಯಿ ದೇವರನಾಮದ ಮೇಲೆ, ಕಿವಿ ವಾಡೆಯ ಸುದ್ದಿಯ ಮೇಲೆ, ಬೆರಳು ಅಕ್ಕಿಯ ಮೇಲೆ. ಮೂರೂ ಒಟ್ಟಿಗೇ ನಡೆಯುತ್ತಿದ್ದವು, ಒಂದಕ್ಕೊಂದು ಅಡ್ಡ ಬರುತ್ತಿರಲಿಲ್ಲ. ಭವಾನಿ ಪೇಠೆಯ ಅಂಗಡಿಯಲ್ಲಿ ಅವಳು ಒಂದು ಮುಷ್ಟಿ ಆಂಬೆಮೋಹರ ಅಕ್ಕಿಯನ್ನು ಬೆಳಕಿಗೆ ಎತ್ತಿ ಹಿಡಿದಳೆಂದರೆ ವ್ಯಾಪಾರಿ ಏನೂ ಕೇಳುವ ಮೊದಲೇ ಬೇರೆ ಚೀಲ ಬಿಚ್ಚುತ್ತಿದ್ದ.

ಮುಂಜಿಯಾಗಲಿ ಮದುವೆಯಾಗಲಿ, ಅಕ್ಕಿ ಹಸನು ಮಾಡುವ ಚಾಪೆಯ ನಡುವಿನ ಜಾಗ ಅವಳದು. ಎಲ್ಲಕ್ಕಿಂತ ದೊಡ್ಡದು ಶ್ರಾವಣದ ಆರಾಧನೆ. ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಪುಣೆಯ ಕಚೇರಿಗಳಲ್ಲಿ ನೆಲೆನಿಂತ ವೈಷ್ಣವ ಮನೆಯವರೆಲ್ಲ ಅಂದು ಒಂದೇ ಕಡೆ ಊಟಕ್ಕೆ ಕೂಡುತ್ತಿದ್ದರು. ಹಿಂದಿನ ದಿನ ಹೆಂಗಸರು ಸಾಲಾಗಿ ಕೂತು ಅಕ್ಕಿ ಆರಿಸಿದ ಮೇಲೆ ಎಲ್ಲರ ಮರವೂ ಕೊನೆಗೊಮ್ಮೆ ರಂಗೂಬಾಯಿಯ ಮುಂದೆ ಹಾಯಬೇಕು. ಅವಳು "ಹ್ಞೂಂ" ಅಂದ ಮೇಲೆಯೇ ಅಕ್ಕಿ ಒಲೆಗೆ ಹೋಗಬೇಕು. ಆ "ಹ್ಞೂಂ" ಅನ್ನು ಅವಳು ಅಗ್ಗಕ್ಕೆ ಕೊಟ್ಟವಳಲ್ಲ.

ಅವಳ ಯಜಮಾನರು ಕೃಷ್ಣಾಜಿರಾಯರು ಒಂದು ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ಅವರಿಗೂ ಒಂದು ಕೀರ್ತಿ ಇತ್ತು. ಅದನ್ನು ಅವರು ಹೆಂಡತಿಯ ಕೀರ್ತಿಗಿಂತ ಒಂದು ಮೆಟ್ಟಿಲು ಮೇಲೆಯೇ ಇಟ್ಟಿದ್ದರು. ನೌಕರಿಗೆ ಸೇರಿದಂದಿನಿಂದ ಅವರು ಮಡಿಯ ಪಂಕ್ತಿಯೊಂದನ್ನು ಬಿಟ್ಟರೆ ಮನೆಯ ಹೊರಗೆ ಹನಿ ನೀರು ಕುಡಿದವರಲ್ಲ. ಕಚೇರಿಯ ನಳದೊಳಗೆ ಚರ್ಮದ ಬಿಲ್ಲೆ ಇರುತ್ತದೆ, ಅದನ್ನು ಹಾದ ನೀರು ಮೈಲಿಗೆ. ಕಚೇರಿಯ ಮಡಕೆಯನ್ನು ಯಾರು ತುಂಬಿದರೋ, ಯಾರು ಮುಟ್ಟಿದರೋ. ಚಹಾದ ಅಂಗಡಿಯ ಮಾತಂತೂ ಬೇಡವೇ ಬೇಡ. ಬೆಳಗಿನ ಊಟ ಮುಗಿಸಿ ಹೊರಟರೆ, ಸಂಜೆ ಬಂದು ಸ್ನಾನ ಸಂಧ್ಯಾವಂದನೆ ಮುಗಿಸುವವರೆಗೆ ಗಂಟಲು ಒಣ. ಏಕಾದಶಿಯ ದಿನ ಸಂಜೆಯ ನೀರೂ ಇಲ್ಲ. ಕಚೇರಿಯ ತರುಣರು ಹಿಂದಿನಿಂದ ತಮ್ಮನ್ನು ಒಂಟೆ ಅನ್ನುತ್ತಾರೆಂದು ತಿಳಿದಾಗ, ಒಂಟೆ ಬಹಳ ಸಂಯಮದ ಪ್ರಾಣಿ ಎಂದು ಅವರು ಅದನ್ನು ಮಾನಪತ್ರದಂತೆ ಸ್ವೀಕರಿಸಿದ್ದರು.

೧೯೩೪ರ ವೈಶಾಖದಲ್ಲಿ ಕಚೇರಿಯ ಪಂಢರಿನಾಥ ತನ್ನ ಮಗನ ಮುಂಜಿಯ ಊಟಕ್ಕೆ ಕರೆದಿದ್ದ. ಎರಡನೆಯ ಹೋಳಿಗೆಯ ಮೇಲೆ ತುಪ್ಪ ಬೀಳುವಷ್ಟರಲ್ಲಿ ಕೃಷ್ಣಾಜಿರಾಯರು ಬಲಗೈಯನ್ನು ಎಲೆಯ ಮೇಲೆಯೇ ಬಿಟ್ಟು, ಎಡಗೈಯಿಂದ ಸೊಂಟ ಹಿಡಿದು ಬಾಗಿದರು. ನೋವು ಬೆನ್ನಿನ ಮಗ್ಗುಲಿನಿಂದ ಹೊರಟು ತೊಡೆಯ ಸಂದಿಗೆ ಇಳಿಯುತ್ತಿತ್ತು, ತುಸು ನಿಲ್ಲುತ್ತಿತ್ತು, ಮರೆತದ್ದೇನೋ ನೆನಪಾದಂತೆ ಮತ್ತೆ ಬರುತ್ತಿತ್ತು. ಕೂತರೆ ನಿಲ್ಲಬೇಕು ಅನಿಸುತ್ತಿತ್ತು, ನಿಂತರೆ ಮಲಗಬೇಕು ಅನಿಸುತ್ತಿತ್ತು, ಮಲಗಿದರೆ ಪಂಢರಿನಾಥನನ್ನು ಬಯ್ಯಬೇಕು ಅನಿಸುತ್ತಿತ್ತು. ಪಂಕ್ತಿಯಲ್ಲಿದ್ದ ಒಬ್ಬ ಮುದಿ ವೈದ್ಯರು ಕೈತೊಳೆದು ಬಂದು ಬೆನ್ನು ಒತ್ತಿ ನೋಡಿದರು.

"ಮೂತ್ರದಾಗ ಹಳ್ಳು ಆಗ್ಯದ," ಅಂದರು.

"ಹಳ್ಳು ಎಲ್ಲಿಂದ ಬಂತ್ರೀ?" ಎಂದು ಪಂಢರಿನಾಥ ಕೇಳಿದ.

ಕೃಷ್ಣಾಜಿರಾಯರು ನೋವಿನ ಎರಡು ಅಲೆಗಳ ನಡುವಿನ ಬಿಡುವಿನಲ್ಲಿ ತಲೆ ಎತ್ತಿ, "ಮತ್ತೆಲ್ಲಿಂದ ಬರ್ತದಪಾ. ಮನೀ ಅನ್ನದಾಗಿಂದ," ಅಂದರು.

ನೋವಿನಲ್ಲಿ ಆಡಿದ ಮಾತನ್ನು ಕೋರ್ಟು ಕೂಡ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಂಗಸರ ಪಂಕ್ತಿ ಹಿಡಿಯಿತು. ಎಲೆ ಎತ್ತುವ ಮೊದಲೇ ಸುದ್ದಿ ಅಡಿಗೆಮನೆ ದಾಟಿತ್ತು. ಟಾಂಗಾದಲ್ಲಿ ಗಂಡನನ್ನು ಮಲಗಿಸಿಕೊಂಡು ರಂಗೂಬಾಯಿ ವಾಡೆಗೆ ಬರುವಷ್ಟರಲ್ಲಿ ಅವಳಿಗಿಂತ ಮುಂದೆ ಬಂದು ಕಟ್ಟೆಯ ಮೇಲೆ ಕೂತಿತ್ತು. ಎದುರು ಮನೆಯ ಭಾಮಾಬಾಯಿ, ಅಪ್ಪಟ ಪುಣೇರಿ ಹೆಂಗಸು, ಮರಾಠಿಯಲ್ಲಿ ಬಹಳ ಮೃದುವಾಗಿ ವಿಚಾರಿಸಿದಳು: ನಿಮ್ಮ ಅನ್ನದಲ್ಲಿ ಕಲ್ಲು ಇದ್ದವಂತೆ, ಹೌದೇ? ಅವಳ ದನಿಯಲ್ಲಿ ಅನುಕಂಪ ಎಷ್ಟಿತ್ತೆಂದರೆ ರಂಗೂಬಾಯಿಗೆ ಆ ರಾತ್ರಿಯ ಊಟವೇ ಸೇರಲಿಲ್ಲ.

ವಾರ ಕಳೆಯುವುದರೊಳಗೆ ಆರಾಧನೆಯ ವ್ಯವಸ್ಥೆ ನೋಡುವ ಅವಧೂತರಾಯರು ಮನೆಗೆ ಬಂದು, ರೋಗಿಯ ಯೋಗಕ್ಷೇಮ ಕೇಳಿ, ಹೊರಡುವಾಗ ಹೊಸಿಲಲ್ಲಿ ನಿಂತರು.

"ಈ ಸಲ ಶ್ರಾವಣದಾಗ ನೀವು ದಣೀಬ್ಯಾಡ್ರಿ, ರಂಗೂಬಾಯಿ. ಮನ್ಯಾಗ ಯಜಮಾನ್ರಿಗೆ ಆರಾಮಿಲ್ಲ. ಅಕ್ಕಿ ಕೆಲಸ ಗೋದಕ್ಕ ನೋಡ್ಕೋತಾಳ."

"ಇನ್ನೂ ಭಾಳ ದಿನ ಅದ ಅಲ್ರೀ ಆರಾಧನಿ."

"ಅದಕ್ಕs ಈಗs ಹೇಳೇನ್ರಿ," ಎಂದು ಅವಧೂತರಾಯರು ಮೆಟ್ಟು ಮೆಟ್ಟಿಕೊಂಡರು.

ಗೋದಕ್ಕ ಶನಿವಾರ ಪೇಠೆಯವಳು. ಎಷ್ಟೋ ವರ್ಷಗಳಿಂದ ಚಾಪೆಯ ಅಂಚಿನಲ್ಲಿ ಕೂತು ನಡುವಿನ ಜಾಗವನ್ನು ನೋಡಿದವಳು. ಅವಳೂ ಕಣ್ಣಿದ್ದವಳೇ ಎಂದು ರಂಗೂಬಾಯಿ ಒಳಗೊಳಗೆ ಒಪ್ಪುತ್ತಿದ್ದಳು. ಹಾಗೆಂದೇ ಅವಳನ್ನು ಅಂಚಿಗೆ ಕೂರಿಸುತ್ತಿದ್ದಳು.

ಮನೆಯೊಳಗಿನ ಪಾಡು ಇನ್ನೂ ಚೆಂದ. ನೋವು ಇಳಿದ ಮೇಲೆ ಕೃಷ್ಣಾಜಿರಾಯರು ಮೂಗಿಗೆ ಚಾಳೀಸು ಕನ್ನಡಕ ಏರಿಸಿಕೊಂಡೇ ಊಟಕ್ಕೆ ಕೂರತೊಡಗಿದರು. ಕೈಕೆಳಗಿನವನು ಬರೆದ ಟಿಪ್ಪಣಿಯಲ್ಲಿ ತಪ್ಪು ಹುಡುಕುವ ಹಾಗೆ ಅನ್ನದ ಅಗುಳನ್ನು ಬೆರಳ ತುದಿಯಿಂದ ಸರಿಸಿ ಸರಿಸಿ ನೋಡುತ್ತಿದ್ದರು. ರಂಗೂಬಾಯಿ ಅಕ್ಕಿಯನ್ನು ಹಗಲಿಗೊಮ್ಮೆ, ಸಂಜೆಗೊಮ್ಮೆ ಆರಿಸಿ, ಒಲೆಯ ಮುಂದೆ ನಿಂತು ಮತ್ತೊಮ್ಮೆ ಆರಿಸುತ್ತಿದ್ದಳು.

ಒಂದು ದಿನ ತಡೆಯಲಾರದೆ ಕೇಳಿದಳು. "ಇಷ್ಟು ವರ್ಷ ನನ್ನ ಕೈಯಾಗ ಉಂಡೀರಿ. ಒಂದರೆ ಹಳ್ಳು ಹಲ್ಲಿಗೆ ಹತ್ಯದೇನ್ರಿ?"

"ಹಲ್ಲಿಗೆ ಹತ್ತಿದ್ದು ಉಗುಳಿಬಿಡ್ತಿದ್ದೆ," ಅಂದರು ರಾಯರು. "ಹತ್ತಲಾರದ್ದು ಒಳಗ ಹೋಗಿ ಕೂತದ."

ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಲು ಇಂಥ ತರ್ಕವೇ ಬೇಕಾಗುತ್ತದೆ.

ಎರಡನೆಯ ಸಲ ನೋವು ಬಂದಾಗ ಮುದಿ ವೈದ್ಯರ ಕಷಾಯ ಕೈಕೊಟ್ಟಿತು. ರಾಸ್ತಾ ಪೇಠೆಯಲ್ಲಿ ಬೆಳಗಾವಿ ಕಡೆಯ ಡಾಕ್ಟರ್ ಶಿವಪುತ್ರಪ್ಪ ಇದ್ದಾರೆ, ಮುಂಬಯಿಯಲ್ಲಿ ಓದಿದವರು, ನಮ್ಮ ಮಾತೇ ಆಡುತ್ತಾರೆ ಎಂದು ಪಂಢರಿನಾಥ ಹೇಳಿದ. ರಾಯರು ಹೊರಟಾಗ ರಂಗೂಬಾಯಿಯೂ ಸೆರಗು ಹೊದ್ದು ನಿಂತಳು.

"ನೀ ಎಲ್ಲಿಗೆ?"

"ಹಳ್ಳು ನಂದು ಅಂತೀರಿ. ಹಂಗಾದ್ರ ನಾನೂ ಬರಬೇಕಲ್ಲ."

ಡಾಕ್ಟರು ಮೊದಲು ಆಸ್ಪತ್ರೆಗೆ ಕಳಿಸಿ ಎಕ್ಸರೇ ಫೋಟೋ ತೆಗೆಸಿದರು. ಫೋಟೋ ಎಂಬ ಮಾತು ಕೇಳಿ ರಾಯರು ಕರಿ ಕೋಟು, ಜರಿಯಂಚಿನ ರುಮಾಲು, ಮಡಿಸಿದ ಶಲ್ಯದೊಡನೆ ಹೋಗಿ, ಮುಖ ಯಾವ ಕಡೆ ತಿರುಗಿಸಲಿ ಎಂದು ಕೇಳಿದ್ದರು. ಎಲ್ಲವನ್ನೂ ಬಿಚ್ಚಿಸಿ ಬೆನ್ನ ಮೇಲೆ ಮಲಗಿಸಿದ್ದು ಅವರ ಮನಸ್ಸಿಗೆ ಬಹಳ ನಾಟಿತ್ತು.

ಆ ಫೋಟೋವನ್ನು ಡಾಕ್ಟರ್ ಶಿವಪುತ್ರಪ್ಪ ಕಿಡಕಿಯ ಬೆಳಕಿಗೆ ಹಿಡಿದರು. ಪಕ್ಕೆಲುಬುಗಳ ಕೆಳಗೆ, ಬೆನ್ನುಮೂಳೆಯ ಪಕ್ಕಕ್ಕೆ, ಜೋಳದ ಕಾಳಿನಷ್ಟು ಬಿಳಿ ಚುಕ್ಕೆ ಇತ್ತು. ರಾಯರು ತಮ್ಮ ಎಲುಬುಗಳನ್ನು ನೋಡಿ ಕಣ್ಣು ಮುಚ್ಚಿದರು. ರಂಗೂಬಾಯಿ ಮುಂದೆ ಬಂದು, ತಲೆ ಓರೆ ಮಾಡಿ ಚುಕ್ಕೆಯನ್ನು ಪರೀಕ್ಷಿಸಿದಳು.

"ಇಷ್ಟು ದೊಡ್ಡದು ನನ್ನ ಕಣ್ಣು ತಪ್ಪಿಸಿ ಹೋಗೂದು ಶಕ್ಯ ಇಲ್ರೀ," ಅಂದಳು.

ಡಾಕ್ಟರಿಗೆ ಅರ್ಥವಾಗಲಿಲ್ಲ. ಅವಳು ಎಲ್ಲ ಹೇಳಿದಳು: ಮುಂಜಿ, ಪಂಕ್ತಿ, ಗೋದಕ್ಕ. ರೋಗದ ವಿವರಕ್ಕಿಂತ ಗೋದಕ್ಕನ ವಿವರವೇ ಹೆಚ್ಚಾಯಿತು. ಡಾಕ್ಟರು ನಗಲಿಲ್ಲ. ಅದು ಅವರ ದೊಡ್ಡ ಗುಣ.

"ಬಾಯಾರ, ನುಂಗಿದ ಹಳ್ಳು ಹೊಟ್ಟಿ ಹಾದು ಕರುಳ ಹಾದು ಹಿತ್ತಲ ಬಾಗಲದಿಂದ ಹೊರಗ ಹೋಗ್ತದ. ಮೂತ್ರಪಿಂಡದ ಓಣೀನ ಬ್ಯಾರೆ. ಅಲ್ಲಿಗೆ ಹೋಗೂದು ಬರೇ ರಕ್ತ. ಪಿಂಡ ಆ ರಕ್ತ ಸೋಸಿ, ಬ್ಯಾಡಾದ ಕ್ಷಾರ ಎಲ್ಲಾ ನೀರಿನಾಗ ಕರಗಿಸಿ ಹೊರಗ ಕಳಸ್ತದ. ನಿಮ್ಮ ಅಕ್ಕಿ ಹಳ್ಳಿಗೆ ಆ ಓಣಿ ದಾರೀನ ಗೊತ್ತಿಲ್ಲ."

"ಮತ್ತ ಇದು ಅಲ್ಲಿ ಹ್ಯಾಂಗ ಬಂತ್ರಿ?"

"ಬಂದಿಲ್ಲ. ಅಲ್ಲೇ ಹುಟ್ಟೇದ. ನಿಮ್ಮ ಬಚ್ಚಲದ ಹಂಡ್ಯಾಗ ಒಳಗ ಬೆಳ್ಳಗ ಪದರ ಕಟ್ಟತದಲ್ರೀ?"

"ಕಟ್ಟತದ್ರೀ. ಭಾವಿ ನೀರು. ಹುಣಸಿಹಣ್ಣು ಹಚ್ಚಿ ತಿಕ್ಕಿದ್ರೂ ಹೋಗವಲ್ದು."

"ಅದs ನೀರು ಕೊಡದಾಗ ಇದ್ದಾಗ ಏನಾರ ಕಾಣಸ್ತದೇನು? ಇಲ್ಲ. ಕರಗಿರ್ತದ. ಕಾಸಿ ಕಾಸಿ ನೀರು ಹಾರಿದಂಗ, ಕ್ಷಾರಕ್ಕ ಕರಗಿರಾಕ ನೀರು ಸಾಲೂದಿಲ್ಲ. ಒಂದು ಕಣ ಕೂಡತದ. ಅದನ್ನ ನೋಡಿ ಇನ್ನೊಂದು ಬಂದು ಕೂಡತದ. ಕೂತದ್ದು ಏಳೂದಿಲ್ಲ. ಪದರಿನ ಮ್ಯಾಲೆ ಪದರ. ರಾಯರ ಒಳಗ ಆಗಿದ್ದೂ ಇಷ್ಟs. ಎಲ್ಲೋ ನೀರು ಕಡಿಮಿ ಬಿದ್ದದ."

ಹೀಗೆಂದು ಡಾಕ್ಟರು ನೋವಿನ ಗುಳಿಗೆಯನ್ನೂ ಒಂದು ಗ್ಲಾಸು ನೀರನ್ನೂ ರಾಯರ ಮುಂದಿಟ್ಟರು. ರಾಯರು ಗುಳಿಗೆಯನ್ನು ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡರು. ಗ್ಲಾಸನ್ನು ನೋಡಲೂ ಇಲ್ಲ.

"ಮನೀಗೆ ಹೋಗಿ ತೊಗೋತೇನಿ."

"ನೀರೂ ಕುಡಿಯೂದಿಲ್ಲೇನ್ರೀ?"

ಕೃಷ್ಣಾಜಿರಾಯರು ಕುರ್ಚಿಯಲ್ಲಿ ನೆಟ್ಟಗಾದರು. ಇಂಥ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದೇ ಅವರು ಎಲ್ಲ ಸಭೆಗಳಿಗೂ ಹೋಗುತ್ತಿದ್ದದ್ದು. ಗಂಟಲು ಸರಿಪಡಿಸಿಕೊಂಡು ಶುರುಮಾಡಿದರು: ನಳದ ಚರ್ಮದ ಬಿಲ್ಲೆ, ಕಚೇರಿಯ ಮಡಕೆ, ಬೆಳಗಿನಿಂದ ಸಂಜೆವರೆಗೆ ತುಟಿ ಒದ್ದೆ ಮಾಡದ ವ್ರತ, ನೀರು ಮುಟ್ಟದ ಏಕಾದಶಿ. ಡಾಕ್ಟರು ಲೇಖಣಿ ತೆಗೆದುಕೊಂಡು ಬರೆಯತೊಡಗಿದ್ದು ರಾಯರಿಗೆ ಗೌರವವೆನಿಸಿತು. ದನಿ ಇನ್ನಷ್ಟು ಏರಿತು.

"ಕಚೇರಿಗೆ ಹ್ಯಾಂಗ ಹೋಗ್ತೀರಿ?" ಡಾಕ್ಟರು ಕೇಳಿದರು.

"ನಡಕೋತ. ಕೋಟು ರುಮಾಲು ಸಹಿತ. ಸುಡು ಬಿಸಲಾಗ ಸುದ್ಧಾ ಒಂದು ಗುಂಡಿ ಬಿಚ್ಚಿದವ ಅಲ್ಲ ನಾ."

"ಬೆವರು?"

"ಸಂಜೀಗೆ ಕೋಟು ಹಿಂಡಬಹುದು," ಎಂದು ರಾಯರು ಅಭಿಮಾನದಿಂದ ಹೇಳಿದರು.

"ಪಲ್ಯದಾಗ ಯಾವುದು ಹೆಚ್ಚು ಸೇರತದ?"

"ಕೆಸವಿನೆಲಿ. ಅದರಾಗ ಇಕಿ ಕೈಗೆ ಸರಿಗಟ್ಟೋರು ಪುಣೇದಾಗ ಇಲ್ಲ."

ಮದುವೆಯಾದಂದಿನಿಂದ ರಂಗೂಬಾಯಿ ಕೇಳಲು ಕಾದಿದ್ದ ಮಾತು ಅದು. ಬಂದದ್ದು ಇಂಥ ಹೊತ್ತಿನಲ್ಲಿ.

"ಆ ಎಲ್ಯಾಗ ಒಂದು ಹುಳಿ ಅದ. ಅದಕ್ಕೂ ಸುಣ್ಣಕ್ಕೂ ಭಾಳ ಗೆಳೆತನ, ಕೂಡಿದ್ರ ಕಲ್ಲಾಗ್ತಾವು. ನೀರು ಬೇಕಾದಷ್ಟು ಇದ್ರ ಇಬ್ಬರೂ ಹರಿದು ಹೋಗ್ತಾರ, ಗೆಳೆತನಕ್ಕ ವ್ಯಾಳ್ಯಾ ಸಿಗೂದಿಲ್ಲ. ಮನೆತನದಾಗ ಯಾರಿಗಾರ ಈ ನೋವು ಇತ್ತೇನು?"

"ನಮ್ಮ ತಂದಿಯವರಿಗೆ ಇತ್ತು. ಅವರೂ ಹೊರಗಿನ ನೀರು ಮುಟ್ಟಿದವರಲ್ಲ."

ಡಾಕ್ಟರು ಲೇಖಣಿ ಕೆಳಗಿಟ್ಟರು. "ನಾ ಇನ್ನ ಕಾರಣ ಹುಡುಕೂದು ಉಳೀಲಿಲ್ಲ ರಾಯರ. ಒಂದೂ ಬಿಡಲಾರದಂಗ ನೀವs ಹೇಳಿಬಿಟ್ರಿ. ನಿಮ್ಮ ಹಂಡೆ ದಿನಾ ಒಲಿ ಮ್ಯಾಲೆ ಅದ, ನೀರು ಹಾಕೋರಿಲ್ಲ. ಕಲ್ಲು ಇನ್ನೂ ಸಣ್ಣದದ. ದಿನಾ ಹೊಟ್ಟಿ ತುಂಬ ನೀರು ಕುಡದ್ರ ತಾನs ಇಳಿದು ಬರಬಹುದು. ಮೂತ್ರ ನೀರಿನಂಗ ತಿಳಿ ಕಾಣಬೇಕು, ಅಲ್ಲೀಮಟ ಕುಡೀರಿ. ಒಲ್ಲೆ ಅಂದ್ರ ಅದು ಬೆಳೀತದ. ಬೆಳೆದ್ರ ಬೆನ್ನು ಕೊಯ್ದು ತಗೀಬೇಕು."

ಕೊಯ್ಯುವ ಮಾತು ಕೇಳಿ ರಾಯರ ಮುಖ ಇಳಿಯಿತು. ರಂಗೂಬಾಯಿ ಮನಸ್ಸಿನಲ್ಲೇ ದೇವರಿಗೊಂದು ಹರಕೆ ಹೊತ್ತಳು. ಆದರೆ ಅದರ ಪಕ್ಕದಲ್ಲೇ ಒಂದು ಸಣ್ಣ ಹಿಗ್ಗೂ ಕೂತಿತ್ತು. ಅದನ್ನು ಸೆರಗಿನಡಿ ಮುಚ್ಚಿಟ್ಟುಕೊಂಡು ಅವಳು ಟಾಂಗಾ ಹತ್ತಿದಳು.

ದಾರಿಯಲ್ಲಿ ರಾಯರು ಕುದುರೆಯ ಬಾಲ ನೋಡುತ್ತ ಅಂದರು: "ಡಾಕ್ಟರ ಮಾತು ವಾಡೇದಾಗ ಹೇಳೂದೇನು ಜರೂರಿಲ್ಲ."

"ಮತ್ತ ನನ್ನ ಅಕ್ಕಿ?"

"ಮಂದಿ ನಾಕು ದಿವಸ ಅಂತಾರ, ಬಿಡ್ತಾರ. ನನ್ನ ವ್ರತದ ಮಾತು ಹಂಗಲ್ಲ. ಕಚೇರಿ ತುಂಬ ಗೊತ್ತದ."

ರಂಗೂಬಾಯಿ ಸುಮ್ಮನಾದಳು. ಅವಳು ಜಗಳಾಡಿದರೆ ರಾಯರಿಗೆ ತಾಳಿಕೊಳ್ಳುವ ರೂಢಿ ಇತ್ತು. ಸುಮ್ಮನಾದರೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ.

ಮರುದಿನ ಅವಳು ಮಡಿಯಲ್ಲಿ ಸೇದಿದ ನೀರನ್ನು ದೊಡ್ಡ ತಾಮ್ರದ ತಂಬಿಗೆಯಲ್ಲಿ ತುಂಬಿ ಮುಂದಿಟ್ಟಳು. ರಾಯರು ಹೌಹಾರಿದರು. "ಮುಂಜಾನೆ ಮುಂಜಾನೆ ತಂಬಿಗಿ ಹಿಡಕೊಂಡು ಲಕ್ಷ್ಮೀ ರಸ್ತಾದಾಗ ಹೊಂಟ್ರ ನೋಡಿದವರು ಏನು ತಿಳೀತಾರ? ಹೆಡ್ ಕ್ಲಾರ್ಕರಿಗೆ ಮನ್ಯಾಗ ಸಂಡಾಸ ಇಲ್ಲ ಅಂತಾರ."

"ಆತ್ರಿ," ಅಂದಳು ರಂಗೂಬಾಯಿ.

ಮಧ್ಯಾಹ್ನ ಅವಳೇ ತಂಬಿಗೆ ಹಿಡಿದು ಕಚೇರಿಗೆ ನಡೆದಳು. ಮಡಿಸೀರೆ ಉಟ್ಟವಳು ಯಾರನ್ನೂ ತಾಕಬಾರದಲ್ಲ. ರಸ್ತೆಯ ನಟ್ಟ ನಡುವೆ, ಟಾಂಗಾಗಳೂ ಸೈಕಲ್ಲುಗಳೂ ಎರಡೂ ಕಡೆ ಸರಿಯುವಂತೆ ನಡೆದಳು. ಕಚೇರಿಯ ವರಾಂಡದಲ್ಲಿ ನಿಂತು, ಸಿಪಾಯಿಯ ಕೈಯಲ್ಲಿ ಯಜಮಾನರಿಗೆ ಹೇಳಿ ಕಳಿಸಿದಳು. ರಾಯರು ಹೊರಬಂದರು. ಅವರ ಹಿಂದೆ ಪಂಢರಿನಾಥನೂ ಒಂಟೆಯ ಹೆಸರಿಟ್ಟ ತರುಣರೂ ಕಿಡಕಿಗಳಲ್ಲಿ ಕಾಣಿಸಿಕೊಂಡರು.

"ಏನಿದು?"

"ನೀರು. ಕುಡಿಯೂತನಾ ನಾ ಹ್ವಾಗೂದಿಲ್ರಿ."

ಅವಳು ಮೆಲ್ಲಗೇ ಅಂದದ್ದು. ಆದರೂ ಒಳಗಿನವರೆಲ್ಲರಿಗೂ ಕೇಳಿಸಿತು. ರಾಯರು ಗೋಡೆಯ ಕಡೆ ತಿರುಗಿ, ತಂಬಿಗೆ ಎತ್ತಿ, ಗಟಗಟನೆ ಕುಡಿದು ಮುಗಿಸಿದರು. ಕಿಡಕಿಯಲ್ಲಿ ಯಾರೋ ಕೆಮ್ಮಿದರು.

ಅಂದೇ ಸಂಜೆ ಅವರು ತಾಮ್ರ ಹಿತ್ತಾಳೆ ಪಾತ್ರೆ ಮಾಡುವವರ ಓಣಿಯಾದ ತಾಂಬಟ ಆಳಿಗೆ ಹೋಗಿ ಫಿರಕಿ ತಂಬಿಗೆ ಕೊಂಡು ತಂದರು. ಯಾತ್ರೆಗೆ ಹೋಗುವವರು ಒಯ್ಯುವ, ಮುಚ್ಚಳವನ್ನು ತಿರುಪಿ ಬಿಗಿ ಮಾಡುವ ಹಿತ್ತಾಳೆ ತಂಬಿಗೆ ಅದು. ಕಾಗದಗಳ ಕೈಚೀಲದಲ್ಲಿ ಇಟ್ಟರೆ ಹೊರಗೆ ಕಾಣುತ್ತಿರಲಿಲ್ಲ. ರಾಯರು ನೀರು ಕುಡಿಯತೊಡಗಿದರು. ಮೊದಮೊದಲು ಬಾಗಿಲ ಮರೆಯಲ್ಲಿ, ಬರಬರುತ್ತ ಮೇಜಿನ ಮೇಲೆಯೇ ಇಟ್ಟುಕೊಂಡು. ಆಷಾಢದ ಹೊತ್ತಿಗೆ ಅವರು ಪಂಢರಿನಾಥನಿಗೆ, "ನೀ ದಿನಾ ಎಷ್ಟು ನೀರು ಕುಡೀತಿ? ಇಷ್ಟೇನಾ? ಜಲಸೇವನದ ಶಿಸ್ತು ನಿನ್ನ ಹತ್ತರ ಇಲ್ಲ," ಎಂದು ಉಪದೇಶ ಮಾಡುವ ಮಟ್ಟಕ್ಕೆ ಬಂದಿದ್ದರು. ಇಡೀ ಕಚೇರಿಯಲ್ಲಿ ತಮ್ಮಷ್ಟು ನೀರು ಕುಡಿಯುವವರು ಇನ್ನೊಬ್ಬರಿಲ್ಲ ಎಂಬ ಹೊಸ ಕೀರ್ತಿ ಹಳೆಯದರ ಜಾಗದಲ್ಲಿ ಸದ್ದಿಲ್ಲದೆ ಬಂದು ಕೂತಿತ್ತು. ರಂಗೂಬಾಯಿ ಏಕಾದಶಿಯ ಗೋಜಿಗೆ ಹೋಗಲಿಲ್ಲ. ದ್ವಾದಶಿಯ ದಿನ ಬೆಳಕು ಹರಿಯುವ ಮೊದಲೇ ಎಬ್ಬಿಸಿ, ಪಾರಣೆಯಾಗುತ್ತಲೇ ಎರಡು ದಿನದ ನೀರು ಕುಡಿಸುತ್ತಿದ್ದಳು. ಕೆಸವಿನೆಲೆಯ ಪಲ್ಯ ಹಬ್ಬಕ್ಕೊಂದು ಸಲ ಎಂದಾಯಿತು. ಕಲ್ಲಿನ ಈ ಒಂದು ಕಾರಣದಲ್ಲಿ ತನ್ನ ಪಾಲೂ ಚೂರು ಇತ್ತೆಂದು ಅವಳಿಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ.

ಆರಾಧನೆ ಇನ್ನೇನು ಬಂತು ಎನ್ನುವಾಗ, ಒಂದು ಬೆಳಗ್ಗೆ ಬಚ್ಚಲಿನಿಂದ ನರಳಾಟ ಕೇಳಿಸಿತು, ಆಮೇಲೆ ಟಕ್ಕೆಂಬ ಸಣ್ಣ ಸದ್ದು. ರಾಯರು ಬೆವರುತ್ತ, ಬಿಳಿಚಿಕೊಂಡು, ಗೆದ್ದು ಬಂದವರಂತೆ ಹೊರಬಂದರು. ಡಾಕ್ಟರು ಆ ಕಲ್ಲನ್ನು ಭೂತಕನ್ನಡಿಯಲ್ಲಿ ನೋಡಿ, ತೊಳೆದು, ಅತ್ತರಿನ ಖಾಲಿ ಕುಪ್ಪಿಯಲ್ಲಿ ಹಾಕಿ ಕೊಟ್ಟರು. ಬೆನ್ನು ಕೊಯ್ಯುವ ಮಾತು ಅಲ್ಲಿಗೆ ಮುಗಿಯಿತು. ಬಂದವರಿಗೆಲ್ಲ ಕುಪ್ಪಿ ತೋರಿಸಿ, ಇಷ್ಟು ದೊಡ್ಡದು ಪುಣೆಯಲ್ಲಿ ಬಹಳ ಜನರಿಗೆ ಆಗುವುದಿಲ್ಲ ಎಂದು ರಾಯರು ಹೇಳತೊಡಗಿದರು. ಅದು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಮಾತ್ರ ಅವರಿಗೆ ಬೇರೆ ಏನೋ ಕೆಲಸ ನೆನಪಾಗುತ್ತಿತ್ತು.

ಅಕ್ಕಿ ಆರಿಸುವ ದಿನ ರಂಗೂಬಾಯಿ ಕರೆಯದಿದ್ದರೂ ಹೋದಳು. ಚಾಪೆಯ ನಡುವೆ ಗೋದಕ್ಕ ಕೂತಿದ್ದಳು. ಮರಗಳು ಕೈಯಲ್ಲೇ ನಿಂತವು. ರಂಗೂಬಾಯಿ ಕುಪ್ಪಿಯನ್ನು ಚಾಪೆಯಿಂದ ದೂರ, ಹೊಸಿಲ ಆಚೆ, ಬಿಸಿಲು ಬೀಳುವಲ್ಲಿ ಇಟ್ಟಳು.

"ಗೋದಕ್ಕಾ, ಇದು ಮೈಲಿಗಿ, ಮುಟ್ಟಬ್ಯಾಡ. ಬರೇ ನೋಡು. ನೋಡಿ, ಇದು ಅಕ್ಕಿ ಹಳ್ಳು ಅಂತ ನೀ ಹೇಳಿದ್ರ ನಾ ಇನ್ನ ಮರಾ ಹಿಡಿಯೂದಿಲ್ಲ."

ಹೆಂಗಸರೆಲ್ಲ ಗೋದಕ್ಕನ ಮುಖ ನೋಡಿದರು. ಒಂದೇ ಮಾತಿಗೆ ನಡುವಿನ ಜಾಗ ಅವಳಿಗೆ ಕಾಯಂ ಆಗುತ್ತಿತ್ತು. ಗೋದಕ್ಕ ಎದ್ದು ಹೊಸಿಲಿಗೆ ಬಂದು, ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ ನೋಡಿದಳು. ಮತ್ತೆ ಎರಡೂ ಕಣ್ಣು ತೆರೆದು ನೋಡಿದಳು.

"ಇದಕ್ಕ ಮೈತುಂಬ ಮುಳ್ಳು ಅವ," ಅಂದಳು, ಒಲ್ಲದ ದನಿಯಲ್ಲಿ. "ಅಕ್ಕಿ ಹಳ್ಳು ಹೊಳಿ ನೀರಾಗ ಉರುಳಿ ಉರುಳಿ ನುಣ್ಣಗಾಗಿರ್ತದ. ಇದು ಎಲ್ಲೂ ಉರುಳಿದ್ದಲ್ಲ. ಕೂತಲ್ಲೇ ಬೆಳದದ್ದು."

"ಕೂತಲ್ಲೇ ಬೆಳದದ್ದು ಅಂದಮ್ಯಾಲೆ ಹೆಡ್ ಕ್ಲಾರ್ಕರದs ಬಿಡ್ರಿ," ಎಂದು ಚಾಪೆಯ ಅಂಚಿನಿಂದ ಯಾರೋ ಅಂದರು. ನಗು ಎದ್ದಿತು. ಗೋದಕ್ಕ ನಗದೆ ವಾಪಸು ಹೋಗಿ, ತನ್ನ ಜಾಗದಲ್ಲಿ ಕೂತು, ಅರ್ಧ ಚಾಪೆಯಷ್ಟು ಆಚೆಗೆ ಸರಿದಳು. ರಂಗೂಬಾಯಿ ಕುಪ್ಪಿಯನ್ನು ಮರೆಗೆ ಸರಿಸಿ, ಮತ್ತೆ ಸ್ನಾನ ಮಾಡಿ, ಮಡಿಯುಟ್ಟು ಬಂದು ಆ ಜಾಗದಲ್ಲಿ ಕೂತಳು. ಆ ವರ್ಷ ಮರಗಳು ಇಬ್ಬರ ಮುಂದೆಯೂ ಹಾಯ್ದವು, "ಹ್ಞೂಂ" ಎರಡೆರಡು ಸಲ ಕೇಳಿಸಿತು.

ಮರುದಿನ ಪಂಕ್ತಿಯಲ್ಲಿ ಕೃಷ್ಣಾಜಿರಾಯರು ಮೊದಲ ಸಾಲಿನಲ್ಲೇ ಕೂತಿದ್ದರು, ಅವರ ಪಕ್ಕಕ್ಕೆ ಅವಧೂತರಾಯರು. ರಂಗೂಬಾಯಿ ತುಪ್ಪ ಬಡಿಸುತ್ತ ಬರುತ್ತಿದ್ದಳು. ಎಲ್ಲರೂ ಸಾರನ್ನದಲ್ಲಿ ಮುಳುಗಿದ್ದಾಗ ಕಟಕ್ಕೆಂದು ಒಂದು ಸದ್ದಾಯಿತು.

ದೊಡ್ಡ ಸದ್ದೇನಲ್ಲ. ಆದರೆ ರಂಗೂಬಾಯಿ ಆ ಸದ್ದನ್ನು ಎಲ್ಲಿದ್ದರೂ ಗುರುತು ಹಿಡಿಯುವವಳು. ರಾಯರ ದವಡೆ ನಿಂತಿತ್ತು. ಅವರು ತಲೆ ಎತ್ತಿ ಅವಳನ್ನು ನೋಡಿದರು. ಅವಳ ಕೈಯ ತುಪ್ಪದ ಸೌಟು ಗಾಳಿಯಲ್ಲೇ ನಿಂತಿತು. ಹಳ್ಳು ತನ್ನ ಅರ್ಧ ಚಾಪೆಯದೋ ಗೋದಕ್ಕನ ಅರ್ಧದ್ದೋ ಎಂದು ಅವಳ ತಲೆಯಲ್ಲಿ ಆಗಲೇ ವಿಚಾರಣೆ ನಡೆದಿತ್ತು, ತೀರ್ಪೂ ಸಿದ್ಧವಿತ್ತು. ಆದರೆ ಪಂಕ್ತಿಗೆ ಆ ತೀರ್ಪು ಬೇಕಾಗಿರಲಿಲ್ಲ. ರಾಯರು ಬೆರಳು ಬಾಯಿಗೆ ಹಾಕಿದರೆ ಸಾಕಿತ್ತು.

"ಯಾಕ್ರೀ, ಏನಾತು?" ಎಂದು ಅವಧೂತರಾಯರು ಅವರ ಎಲೆಯ ಕಡೆ ಬಾಗಿದರು.

ರಾಯರು ಕಣ್ಣು ಮುಚ್ಚಿ ನುಂಗಿದರು. ಅವರ ಗಂಟಲ ಮಣಿ ಮೇಲೇರಿ ಕೆಳಗಿಳಿದದ್ದು ರಂಗೂಬಾಯಿಗೆ ಕಂಡಿತು.

"ಏನಿಲ್ರೀ," ಅಂದರು, ಹಿಂದಿನ ಸಾಲಿಗೂ ಕೇಳಿಸುವಷ್ಟು ದೊಡ್ಡ ದನಿಯಲ್ಲಿ. "ಅನ್ನ ಭಾಳ ಹಸನಾಗೇದ. ಇನ್ನೊಂದಿಷ್ಟು ಹಾಕ್ಸರಿ."

ರಂಗೂಬಾಯಿ ಅವರ ಎಲೆಯ ಮೇಲೆ ತುಪ್ಪ ಬಿಟ್ಟಳು. ಅವಧೂತರಾಯರ ಎಲೆಗೆ ಬಿದ್ದದ್ದಕ್ಕಿಂತ ಅದು ಎಷ್ಟು ಹೆಚ್ಚಿತ್ತೆಂದರೆ, ಅವಧೂತರಾಯರು ಎರಡೂ ಎಲೆಗಳನ್ನು ಒಂದರ ನಂತರ ಒಂದು ನೋಡಿ, ಸಾರಿಗೆ ಕೈಹಾಕಿದರು.